ಮೈಎಸ್‌ಕ್ಯೂಎಲ್ ಸರ್ವರ್‌ಗೆ ಲಾಗಿನ್ ಆಗುವುದು ಹೇಗೆ: ಮಂಗಳೂರಿನ ಅಂಗಡಿಯಿಂದ ಮಲ್ಪೆಯ ಐಸ್ ಪ್ಲಾಂಟ್‌ವರೆಗೆ

‘ಸರ್ವರ್ ಕನೆಕ್ಟ್ ಆಗ್ತಾ ಇಲ್ಲ ಮಾರಾಯ್ರೆ, ಪಾಸ್‌ವರ್ಡ್ ಚೇಂಜ್ ಮಾಡಿ ನೋಡುವನಾ?’ ನಮ್ಮ ಕಡೆಯ ಆಫೀಸುಗಳಿಂದ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಪಾಸ್‌ವರ್ಡ್ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಮದ್ದು, ಅದಕ್ಕೇ ಮೊದಲು ಅದನ್ನೇ ಕೊಡುತ್ತಾರೆ. ಎಷ್ಟೋ ಸಲ ರೋಗ ಬೇರೆಯೇ ಇರುತ್ತದೆ.

ಸರ್ವರ್‌ನಲ್ಲಿ ಡೇಟಾ ಇಟ್ಟುಕೊಂಡು ಕೊಡುವ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್. ಅದಕ್ಕೆ ಕನೆಕ್ಟ್ ಆಗುವುದು ಒಂದೇ ಕೆಲಸ ಅಲ್ಲ, ಮೂರು. ಮೊದಲು ನಿಮ್ಮ ಕಂಪ್ಯೂಟರಿನಿಂದ ಸರ್ವರ್‌ವರೆಗೆ ದಾರಿ ಇರಬೇಕು. ತಲುಪಿದ ಮೇಲೆ ನೀವು ಯಾರು ಅಂತ ಸರ್ವರ್ ಒಪ್ಪಬೇಕು. ಒಪ್ಪಿದ ಮೇಲೂ ನಿಮಗೆ ಬೇಕಾದ ಡೇಟಾಬೇಸ್ (ಡೇಟಾದ ಕಟ್ಟು) ಮುಟ್ಟುವ ಹಕ್ಕು ಇರಬೇಕು. ಈ ಮೂರರಲ್ಲಿ ಎಲ್ಲಿ ನಿಂತಿದೆ ಅಂತ ಎರರ್ ಮೆಸೇಜ್ ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುತ್ತದೆ. ನಾವು ಓದುವುದಿಲ್ಲ, ಅಷ್ಟೇ.

ಉದಾಹರಣೆಗೆ ಒಂದು ವ್ಯಾಪಾರ ಇಟ್ಟುಕೊಳ್ಳೋಣ. ಮಂಗಳೂರಿನ ಬಂದರಿನಲ್ಲಿ ಸಗಟು ಅಂಗಡಿ, ಹಿಂದಿನ ಕೋಣೆಯಲ್ಲಿ ಸರ್ವರ್, ಮುಂದೆ ಬಿಲ್ಲಿಂಗ್ ಕೌಂಟರ್. ಸುಮಾರು 60 ಕಿ.ಮೀ. ಆಚೆ ಮಲ್ಪೆಯಲ್ಲಿ ಅವರದ್ದೇ ಐಸ್ ಪ್ಲಾಂಟ್. ಸರ್ವರ್‌ನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) 192.168.1.10, ಕೌಂಟರ್ ಕಂಪ್ಯೂಟರ್ 192.168.1.23, ಡೇಟಾಬೇಸ್ ಹೆಸರು ‘ಅಂಗಡಿ’. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಹಂತ 1: ಐದು ವಿಷಯ ಬರೆದಿಟ್ಟುಕೊಳ್ಳಿ

ಸರ್ವರ್‌ನ ವಿಳಾಸ, ಪೋರ್ಟ್ (ಆ ವಿಳಾಸದಲ್ಲಿ ಬಾಗಿಲಿನ ನಂಬರ್ ಅನ್ನಿ), ಯೂಸರ್ ಹೆಸರು, ಪಾಸ್‌ವರ್ಡ್, ಡೇಟಾಬೇಸ್ ಹೆಸರು. ಯಾವ ಸಾಫ್ಟ್‌ವೇರ್ ಆದರೂ ಕೇಳುವುದು ಈ ಐದನ್ನೇ. ಮೈಎಸ್‌ಕ್ಯೂಎಲ್ ಮತ್ತು ಅದರದ್ದೇ ಕವಲಾದ ಮರಿಯಾಡಿಬಿಯ ಪೋರ್ಟ್ ಸಾಮಾನ್ಯವಾಗಿ 3306. ಪೋಸ್ಟ್‌ಗ್ರೆಸ್ ಆದರೆ 5432, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಆದರೆ 1433, ಒರಾಕಲ್ ಆದರೆ 1521.

ಯೂಸರ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ಮೈಎಸ್‌ಕ್ಯೂಎಲ್ ಲೆಕ್ಕ ಹಾಕುತ್ತದೆ. ಡೇಟಾಬೇಸ್ ಹೆಸರಿನ ಕಥೆ ಸ್ವಲ್ಪ ಬೇರೆ. ವಿಂಡೋಸ್‌ನಲ್ಲಿ ಹೇಗೆ ಬರೆದರೂ ನಡೆಯುತ್ತದೆ, ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಹಳೆಯ ವಿಂಡೋಸ್ ಮೆಷಿನ್‌ನಿಂದ ಉಬುಂಟುಗೆ (ಲಿನಕ್ಸ್‌ನ ಒಂದು ಬಗೆ) ಬದಲಾಯಿಸಿದವರು ಇಲ್ಲೇ ತಲೆ ಕೆರೆದುಕೊಳ್ಳುವುದು.

ಹಂತ 2: ಮೊದಲು ಸರ್ವರ್ ಮೆಷಿನ್‌ನಲ್ಲೇ ಲಾಗಿನ್ ಆಗಿ

ಕೌಂಟರಿನಿಂದ ಪ್ರಯತ್ನಿಸುವ ಮೊದಲು ಹಿಂದಿನ ಕೋಣೆಗೆ ಹೋಗಿ. ಸರ್ವರ್ ಓಡುತ್ತಿದೆಯೇ ನೋಡಿ. ವಿಂಡೋಸ್ ಆದರೆ ಸರ್ವಿಸಸ್ ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್ ಎದುರು ‘ರನ್ನಿಂಗ್’ ಅಂತ ಇರಬೇಕು. ಎಕ್ಸಾಂಪ್ (ಡೇಟಾಬೇಸ್ ಸೇರಿ ಹಲವು ಸಾಫ್ಟ್‌ವೇರ್ ಒಟ್ಟಿಗೆ ಬರುವ ಕಟ್ಟು) ಹಾಕಿದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗೊತ್ತಾಗುತ್ತದೆ. ಉಬುಂಟುವಿನಲ್ಲಿ ಹೀಗೆ:

ಸುಡೊ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಮೈಎಸ್‌ಕ್ಯೂಎಲ್

‘ಆ್ಯಕ್ಟಿವ್, ರನ್ನಿಂಗ್’ ಅಂತ ಬಂದರೆ ಸರಿ. ಈಗ ಒಳಗೆ ಹೋಗೋಣ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ರೂಟ್ ಯೂಸರ್‌ಗೆ, ಅಂದರೆ ಎಲ್ಲ ಹಕ್ಕೂ ಇರುವ ಯೂಸರ್‌ಗೆ, ಪಾಸ್‌ವರ್ಡ್ ಇರುವುದಿಲ್ಲ. ಬದಲಿಗೆ ಆಪರೇಟಿಂಗ್ ಸಿಸ್ಟಮ್‌ನ ರೂಟ್ ಆಗಿದ್ದರೆ ಮಾತ್ರ ಬಿಡುತ್ತದೆ. ಹಾಗಾಗಿ ‘ಸುಡೊ ಮೈಎಸ್‌ಕ್ಯೂಎಲ್’ ಅಂತ ಹೊಡೆದರೆ ಸಾಕು. ಸುಡೊ ಅಂದರೆ ರೂಟ್ ಆಗಿ ಓಡಿಸು ಅಂತ. ಎಕ್ಸಾಂಪ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಖಾಲಿ. ಅದು ಕಲಿಯುವವರಿಗೆ ಮಾಡಿದ್ದು, ವ್ಯಾಪಾರಕ್ಕಲ್ಲ. ಅದರ ಮೇಲೆ ಬಿಲ್ಲಿಂಗ್ ಓಡಿಸುತ್ತಿದ್ದರೆ ಇವತ್ತೇ ಪಾಸ್‌ವರ್ಡ್ ಇಡಿ.

ಬೇರೆ ಯೂಸರ್ ಆದರೆ ಕಮಾಂಡ್ ಹೀಗಿರುತ್ತದೆ:

ಮೈಎಸ್‌ಕ್ಯೂಎಲ್ -ಯು ಬಿಲ್ಲಿಂಗ್ -ಪಿ ಅಂಗಡಿ

ಈ ಸಣ್ಣ ಪಿ ಬಹಳ ಕಿತಾಪತಿಯದ್ದು. ಅದರ ನಂತರ ಸ್ಪೇಸ್ ಬಿಟ್ಟು ಬರೆದದ್ದನ್ನು ಮೈಎಸ್‌ಕ್ಯೂಎಲ್ ಪಾಸ್‌ವರ್ಡ್ ಅಂತ ತಿಳಿಯುವುದಿಲ್ಲ, ಡೇಟಾಬೇಸ್ ಹೆಸರು ಅಂತ ತಿಳಿಯುತ್ತದೆ. ಮೇಲಿನ ಸಾಲಿನಲ್ಲಿ ‘ಅಂಗಡಿ’ ಡೇಟಾಬೇಸ್ ಆದದ್ದು ಹಾಗೆ. ಯಾರಾದರೂ ಅಲ್ಲಿ ಪಾಸ್‌ವರ್ಡನ್ನೇ ಬರೆದರೆ ಏನಾಗುತ್ತದೆ? ಪಾಸ್‌ವರ್ಡ್ ಕೇಳುತ್ತದೆ. ಕೊಡುತ್ತಾರೆ. ಆಮೇಲೆ ‘ಇಂಥ ಡೇಟಾಬೇಸ್ ಇಲ್ಲ’ ಅಥವಾ ‘ಇಂಥ ಡೇಟಾಬೇಸ್‌ಗೆ ನಿಮಗೆ ಅನುಮತಿ ಇಲ್ಲ’ ಅನ್ನುತ್ತದೆ. ಆ ‘ಇಂಥ’ ಜಾಗದಲ್ಲಿ ನಿಮ್ಮ ಪಾಸ್‌ವರ್ಡ್ ಸ್ಕ್ರೀನ್ ಮೇಲೆ ಢಾಳಾಗಿ ಕಾಣುತ್ತದೆ! ಸ್ಪೇಸ್ ಬಿಡದೆ ಅಂಟಿಸಿ ಬರೆದರೆ ಕೆಲಸ ಆಗುತ್ತದೆ ನಿಜ, ಆದರೆ ಪಾಸ್‌ವರ್ಡ್ ಟರ್ಮಿನಲ್ ಹಿಸ್ಟರಿಯಲ್ಲಿ ಉಳಿಯಬಹುದು. ಸುಮ್ನೆ -ಪಿ ಅಂತಷ್ಟೇ ಕೊಟ್ಟು, ಅದು ಕೇಳಿದಾಗ ಹೊಡೆಯಿರಿ. ಟೈಪ್ ಮಾಡುವಾಗ ನೀವು ಹೊಡೆದ ಅಕ್ಷರ ಕಾಣುವುದಿಲ್ಲ, ಹೆದರಬೇಡಿ. ಪೋರ್ಟ್ ಬೇರೆ ಕೊಡಬೇಕಾದರೆ ದೊಡ್ಡ ಪಿ.

ಒಳಗೆ ಹೋದ ಮೇಲೆ ‘ಶೋ ಡೇಟಾಬೇಸಸ್;’ ಅಂತ ಕೊಟ್ಟು ನೋಡಿ. ಕೊನೆಗೆ ಸೆಮಿಕೋಲನ್ ಮರೆತರೆ ಅದು ಬಾಣದ ಗುರುತು ಹಾಕಿ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಹಂತ 3: ಹೊರಗಿನಿಂದ ಬರಲು ದಾರಿ ಬಿಡಿ

ಉಬುಂಟುವಿನಲ್ಲಿ ಹೊಸದಾಗಿ ಹಾಕಿದ ಮೈಎಸ್‌ಕ್ಯೂಎಲ್ ತನ್ನದೇ ಮೆಷಿನ್‌ನ ಮಾತು ಮಾತ್ರ ಕೇಳುತ್ತದೆ. ಅದನ್ನು ಬದಲಿಸಲು ‘/ಇಟಿಸಿ/ಮೈಎಸ್‌ಕ್ಯೂಎಲ್/ಮೈಎಸ್‌ಕ್ಯೂಎಲ್.ಕಾನ್ಫ್.ಡಿ’ ಫೋಲ್ಡರ್‌ನಲ್ಲಿರುವ ‘ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್’ ಫೈಲ್ ತೆರೆಯಿರಿ. ‘ಬೈಂಡ್-ಅಡ್ರೆಸ್’ ಅನ್ನುವ ಸಾಲಿನಲ್ಲಿ 127.0.0.1 ಇರುತ್ತದೆ. ಅದನ್ನು 192.168.1.10 ಅಥವಾ 0.0.0.0 ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಎಲ್ಲ ಕಡೆಯಿಂದ ಕೇಳು ಅಂತ 0.0.0.0ರ ಅರ್ಥ. ಆ ಸಾಲಿನ ಕೆಳಗೆ ‘ಮೈಎಸ್‌ಕ್ಯೂಎಲ್‌ಎಕ್ಸ್’ ಅಂತ ಶುರುವಾಗುವ ಇನ್ನೊಂದು ಬೈಂಡ್-ಅಡ್ರೆಸ್ ಇರುತ್ತದೆ. ಅದು ಬೇರೆ ಪೋರ್ಟಿನದ್ದು, ಅದನ್ನು ಬದಲಿಸಿ ‘ಆಗ್ಲಿಲ್ಲ’ ಅನ್ನುವವರು ಜಾಸ್ತಿ.

ಆಮೇಲೆ ಫೈರ್‌ವಾಲ್, ಅಂದರೆ ಹೊರಗಿನ ಕನೆಕ್ಷನ್ ತಡೆಯುವ ಕಾವಲು. ಉಬುಂಟುವಿನಲ್ಲಿ (192.168.1.0/24 ಅಂದರೆ 192.168.1ರಿಂದ ಶುರುವಾಗುವ ಎಲ್ಲ ಐಪಿ):

ಸುಡೊ ಯುಎಫ್‌ಡಬ್ಲ್ಯೂ ಅಲೋ ಫ್ರಮ್ 192.168.1.0/24 ಟು ಎನಿ ಪೋರ್ಟ್ 3306

ವಿಂಡೋಸ್‌ನಲ್ಲಿ ಟಿಸಿಪಿ 3306ಕ್ಕೆ ಒಂದು ಇನ್‌ಬೌಂಡ್ ರೂಲ್ (ಒಳಬರಲು ಅನುಮತಿ) ಮಾಡಿ. ರೂಲ್ ‘ಪ್ರೈವೇಟ್’ ನೆಟ್‌ವರ್ಕ್‌ಗೆ ಮಾತ್ರ ಇದ್ದು, ನಿಮ್ಮ ವೈಫೈ ‘ಪಬ್ಲಿಕ್’ ಅಂತ ಗುರುತಾಗಿದ್ದರೆ ಆ ರೂಲ್ ಇದ್ದೂ ಇಲ್ಲದ ಹಾಗೆ.

ಈಗ ಕೌಂಟರ್ ಕಂಪ್ಯೂಟರಿನಿಂದ ದಾರಿ ಪರೀಕ್ಷಿಸಿ. ಪಿಂಗ್ ಮಾಡಿ, ಅಂದರೆ ಮೆಷಿನ್ ಉತ್ತರ ಕೊಡುತ್ತದೆಯೇ ಅಂತ ಮಾತ್ರ ನೋಡಿ, ತೃಪ್ತಿಪಡಬೇಡಿ. ಪಿಂಗ್ ಬಂದರೂ ಪೋರ್ಟ್ ಮುಚ್ಚಿರಬಹುದು, ಪಿಂಗ್ ಬಾರದಿದ್ದರೂ ಪೋರ್ಟ್ ತೆರೆದಿರಬಹುದು. ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಕಿಟಕಿ) ತೆರೆದು ಹೀಗೆ ಹೊಡೆಯಿರಿ:

ಟೆಸ್ಟ್-ನೆಟ್‌ಕನೆಕ್ಷನ್ 192.168.1.10 -ಪೋರ್ಟ್ 3306

ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ದಾರಿ ಸರಿ ಇದೆ.

ನಮ್ಮೂರಿನ ಮಳೆಗಾಲಕ್ಕೆ ಒಂದು ವಿಶೇಷ ಸೂಚನೆ. ಜೂನ್ ಬಂತೆಂದರೆ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಕರೆಂಟ್ ಬಂದ ಮೇಲೆ ರೂಟರ್ ಹೊಸದಾಗಿ ಐಪಿ ಹಂಚುತ್ತದೆ. ನಿನ್ನೆ 10 ಇದ್ದ ಸರ್ವರ್ ಇವತ್ತು 14 ಆಗಿರಬಹುದು. ಕೌಂಟರಿನವರು ಹಳೆಯ ವಿಳಾಸಕ್ಕೆ ಬಡಿಯುತ್ತಾ ‘ಸರ್ವರ್ ಹಾಳಾಯ್ತು’ ಅನ್ನುತ್ತಾರೆ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಅದರಲ್ಲಿ ಸರ್ವರ್‌ಗೆ ಒಂದು ಐಪಿ ಕಾಯಂ ಮಾಡಿಬಿಡಿ. ಸರ್ವರ್‌ಗೆ ಯುಪಿಎಸ್ ಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ರೂಟರ್‌ಗೂ ಅದೇ ಯುಪಿಎಸ್‌ನಿಂದ ಲೈನ್ ಕೊಡಿ.

ಹಂತ 4: ಯೂಸರ್ ಮಾಡಿ, ಹಕ್ಕು ಕೊಡಿ

ಇಲ್ಲಿ ಸ್ವಲ್ಪ ನಿಂತು ಓದಿ. ಮೈಎಸ್‌ಕ್ಯೂಎಲ್‌ನಲ್ಲಿ ಅಕೌಂಟ್ ಅಂದರೆ ಬರೀ ಹೆಸರಲ್ಲ. ಹೆಸರು ಮತ್ತು ಎಲ್ಲಿಂದ ಬರುತ್ತಾರೆ ಅನ್ನುವುದು, ಎರಡೂ ಸೇರಿ ಒಂದು ಅಕೌಂಟ್. ಲೋಕಲ್‌ಹೋಸ್ಟ್‌ನಿಂದ (ಸರ್ವರ್ ಇರುವ ಮೆಷಿನ್‌ನಿಂದಲೇ) ಬರುವ ‘ಬಿಲ್ಲಿಂಗ್’ ಬೇರೆ, 192.168.1.23ರಿಂದ ಬರುವ ‘ಬಿಲ್ಲಿಂಗ್’ ಬೇರೆ. ಇಬ್ಬರಿಗೂ ಪಾಸ್‌ವರ್ಡ್ ಬೇರೆ ಬೇರೆ ಇರಬಹುದು, ಹಕ್ಕೂ ಬೇರೆ ಇರಬಹುದು. ‘ಸರ್ವರ್‌ನಲ್ಲಿ ಬರ್ತದೆ, ಕೌಂಟರಲ್ಲಿ ಬರುದಿಲ್ಲ’ ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಅಂಗಡಿಯ ನೆಟ್‌ವರ್ಕ್‌ನಿಂದ ಬರುವವರಿಗೆ ರೂಟ್ ಆಗಿ ಲಾಗಿನ್ ಆಗಿ ಹೀಗೆ ಮಾಡಿ:

ಕ್ರಿಯೇಟ್ ಯೂಸರ್ 'ಬಿಲ್ಲಿಂಗ್'@'192.168.1.%' ಐಡೆಂಟಿಫೈಡ್ ಬೈ 'ಗಟ್ಟಿ ಪಾಸ್‌ವರ್ಡ್';
ಗ್ರಾಂಟ್ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಆನ್ ಅಂಗಡಿ.* ಟು 'ಬಿಲ್ಲಿಂಗ್'@'192.168.1.%';

ಶೇಕಡಾ ಗುರುತು ಅಂದರೆ ಆ ಜಾಗದಲ್ಲಿ ಏನು ಬೇಕಾದರೂ ಇರಲಿ ಅಂತ. ಬರೀ ಶೇಕಡಾ ಗುರುತು ಹಾಕಿದರೆ ಲೋಕದ ಯಾವ ಮೂಲೆಯಿಂದ ಬಂದರೂ ಸರಿ ಅಂದ ಹಾಗೆ. ಬೇಡ. ಸೆಲೆಕ್ಟ್ ಅಂದರೆ ನೋಡುವ, ಇನ್ಸರ್ಟ್ ಅಂದರೆ ಸೇರಿಸುವ, ಅಪ್‌ಡೇಟ್ ಅಂದರೆ ತಿದ್ದುವ ಹಕ್ಕು. ಡಿಲೀಟ್ ಹಕ್ಕನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಕೌಂಟರಿನಲ್ಲಿ ಬಿಲ್ ಅಳಿಸುವ ಅಗತ್ಯ ಏನಿದೆ? ಕ್ಯಾನ್ಸಲ್ ಅಂತ ಗುರುತು ಹಾಕಲು ಅಪ್‌ಡೇಟ್ ಸಾಕು. ನಿಮ್ಮ ಸಾಫ್ಟ್‌ವೇರ್ ಡಿಲೀಟ್ ಇಲ್ಲದೆ ನಡೆಯುವುದೇ ಇಲ್ಲ ಅಂದರೆ ಆಗ ಸೇರಿಸಿ. ತಿಂಗಳ ಕೊನೆಗೆ ಲೆಕ್ಕ ನೋಡಲು ಬರುವ ಅಕೌಂಟೆಂಟ್‌ಗೆ ‘ರಿಪೋರ್ಟ್’ ಅಂತ ಇನ್ನೊಂದು ಯೂಸರ್ ಮಾಡಿ, ಸೆಲೆಕ್ಟ್ ಮಾತ್ರ ಕೊಡಿ.

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ರೂಟ್ ಕೊಡಲೇಬೇಡಿ. ‘ಸಾಫ್ಟ್‌ವೇರ್ ಹಾಕಿದವರು ಹಾಗೇ ಮಾಡಿ ಹೋಗಿದ್ದಾರೆ’ ಅನ್ನುತ್ತೀರಿ. ಗೊತ್ತು. ಬದಲಿಸಿ.

ಹಂತ 5: ಕೌಂಟರಿನಿಂದ ಕನೆಕ್ಟ್ ಆಗಿ

ವರ್ಕ್‌ಬೆಂಚ್, ಹೈಡಿಎಸ್‌ಕ್ಯೂಎಲ್, ಡಿಬೀವರ್, ಹೀಗೆ ಡೇಟಾಬೇಸ್ ತೆರೆದು ನೋಡುವ ಸಾಫ್ಟ್‌ವೇರ್ ಯಾವುದಾದರೂ ಆಗಬಹುದು. ಹೊಸ ಕನೆಕ್ಷನ್ ತೆರೆದು ಆ ಐದು ವಿಷಯ ತುಂಬಿ, ಟೆಸ್ಟ್ ಬಟನ್ ಒತ್ತಿ.

ಡಿಬೀವರ್‌ನಲ್ಲಿ ‘ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೋಡ್’ ಅಂತ ಬರಬಹುದು. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಪಾಸ್‌ವರ್ಡ್ ಪರೀಕ್ಷಿಸುವ ಹೊಸ ವಿಧಾನ ತಂದಿತು. ಅದು ಗೂಢಲಿಪಿಯ ಕನೆಕ್ಷನ್, ಅಂದರೆ ಎಸ್‌ಎಸ್‌ಎಲ್ ಇಲ್ಲದಿದ್ದರೆ ಪಾಸ್‌ವರ್ಡನ್ನು ಹಾಗೇ ಕಳಿಸಲು ಒಪ್ಪುವುದಿಲ್ಲ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಎಲ್ ಆನ್ ಮಾಡುವುದೇ ಒಳ್ಳೆಯ ಪರಿಹಾರ. ತೀರಾ ಹಳೆಯ ಸಾಫ್ಟ್‌ವೇರ್ ಆದರೆ ಆ ವಿಧಾನದ ಹೆಸರು ಹೇಳಿ, ಲೋಡ್ ಮಾಡಲು ಆಗಲಿಲ್ಲ ಅಂತ 2059 ಎರರ್ ಕೊಡುತ್ತದೆ. ಆಗ ಸಾಫ್ಟ್‌ವೇರ್‌ನ ಕನೆಕ್ಟರ್ (ಸರ್ವರ್ ಜೊತೆ ಮಾತಾಡುವ ಭಾಗ) ಅಪ್‌ಡೇಟ್ ಮಾಡಿಸಿ. ಸರ್ವರ್ ಅನ್ನು ಹಳೆಯ ವಿಧಾನಕ್ಕೆ ಇಳಿಸಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಮೈಎಸ್‌ಕ್ಯೂಎಲ್ 9ರಲ್ಲಿ ಆ ಹಳೆಯದನ್ನು ತೆಗೆದೇ ಹಾಕಿದ್ದಾರೆ.

ಕನೆಕ್ಟ್ ಆಯಿತಾ? ಒಂದು ಸಣ್ಣ ಪರೀಕ್ಷೆ ಮಾಡಿ:

ಸೆಲೆಕ್ಟ್ ಯೂಸರ್(), ಕರೆಂಟ್_ಯೂಸರ್();

ಮೊದಲನೆಯದು ನೀವು ಯಾರು ಅಂತ ಹೇಳಿಕೊಂಡು ಬಂದಿರಿ ಎನ್ನುವುದು. ಎರಡನೆಯದು ಸರ್ವರ್ ನಿಮ್ಮನ್ನು ಯಾವ ಅಕೌಂಟ್ ಅಂತ ಒಳಗೆ ಬಿಟ್ಟಿತು ಎನ್ನುವುದು. ‘ಬಿಲ್ಲಿಂಗ್’ ಹೆಸರಿನಲ್ಲಿ ಎರಡು ಮೂರು ಅಕೌಂಟ್ ಇದ್ದರೆ, ವಿಳಾಸ ಹೆಚ್ಚು ಖಚಿತವಾಗಿರುವ ಅಕೌಂಟನ್ನೇ ಸರ್ವರ್ ಆರಿಸುತ್ತದೆ. ಯಾವತ್ತೋ ಯಾರೋ 192.168.1.23ಕ್ಕೆ ಅಂತ ಮಾಡಿಟ್ಟ ಹಳೆಯ ಅಕೌಂಟ್ ಉಳಿದಿದ್ದರೆ, ನೀವು ಹೊಸದಕ್ಕೆ ಎಷ್ಟು ಹಕ್ಕು ಕೊಟ್ಟರೂ ಆ ಕಂಪ್ಯೂಟರಿಗೆ ತಾಗುವುದಿಲ್ಲ.

ಆಗಲಿಲ್ಲವಾ? ಎರರ್ ಓದಿ

‘2003, ಕಾಂಟ್ ಕನೆಕ್ಟ್’ ಅಂತ ಬಂದರೆ ದಾರಿಯ ಸಮಸ್ಯೆ. ಪಾಸ್‌ವರ್ಡ್ ಇನ್ನೂ ಸರ್ವರ್‌ವರೆಗೆ ಹೋಗಿಯೇ ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ನಂಬರ್ ಇರುತ್ತದೆ, ಅದನ್ನೂ ನೋಡಿ. ವಿಂಡೋಸ್‌ನಲ್ಲಿ 10061 ಅಂದರೆ ಮೆಷಿನ್ ಸಿಕ್ಕಿತು, ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲ. ಸರ್ವಿಸ್ ನಿಂತಿದೆ ಅಥವಾ ಬೈಂಡ್-ಅಡ್ರೆಸ್ ಬದಲಾಗಿಲ್ಲ. ಲಿನಕ್ಸ್‌ನಲ್ಲಿ ಇದೇ 111. ತುಂಬಾ ಹೊತ್ತು ಸತಾಯಿಸಿ 10060 ಅಂತ ಬಂದರೆ ಯಾರೂ ಉತ್ತರವನ್ನೇ ಕೊಡಲಿಲ್ಲ ಅಂತ. ಐಪಿ ತಪ್ಪು, ಇಲ್ಲವೇ ಫೈರ್‌ವಾಲ್ ನುಂಗಿ ಹಾಕಿದೆ.

‘2002’ ಲಿನಕ್ಸ್‌ನಲ್ಲಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಅಂದರೆ ನೆಟ್‌ವರ್ಕ್ ಅಲ್ಲ, ಸಾಕೆಟ್ ಅನ್ನುವ ಒಂದು ಫೈಲ್. ಸರ್ವಿಸ್ ನಿಂತಿದ್ದರೆ ಆ ಫೈಲ್ ಸಿಗುವುದಿಲ್ಲ. ನೆಟ್‌ವರ್ಕ್ ಮೂಲಕವೇ ಹೋಗಬೇಕಾದರೆ 127.0.0.1 ಅಂತ ಬರೆಯಿರಿ.

‘1130, ಹೋಸ್ಟ್ ಈಸ್ ನಾಟ್ ಅಲೋಡ್’ ಸ್ವಾರಸ್ಯದ್ದು. ದಾರಿ ಸರಿ ಇದೆ, ಆದರೆ ಆ ಐಪಿಯಿಂದ ಬರುವ ಯಾವ ಅಕೌಂಟೂ ಸರ್ವರ್‌ನಲ್ಲಿ ಇಲ್ಲ. ಹಾಗಾಗಿ ಪಾಸ್‌ವರ್ಡ್ ಕೇಳುವ ಮೊದಲೇ ವಾಪಸ್ ಕಳಿಸುತ್ತದೆ. ಹಂತ 4ಕ್ಕೆ ಹೋಗಿ.

‘1045, ಆ್ಯಕ್ಸೆಸ್ ಡಿನೈಡ್’ ಬಂದರೆ ಮಾತ್ರ ಪಾಸ್‌ವರ್ಡ್ ಬಗ್ಗೆ ಯೋಚಿಸಿ. ಅದೂ ಪೂರ್ತಿ ಓದಿದ ಮೇಲೆ. ಮೆಸೇಜ್‌ನಲ್ಲಿ ‘ಬಿಲ್ಲಿಂಗ್’, ಆ್ಯಟ್ ಗುರುತು, ಒಂದು ವಿಳಾಸ ಇರುತ್ತದೆ. ಸರ್ವರ್‌ನ ಕಣ್ಣಿಗೆ ನೀವು ಎಲ್ಲಿಂದ ಬಂದಿರಿ ಅನ್ನುವುದೇ ಆ ವಿಳಾಸ. ನೀವು ಅಕೌಂಟ್ ಮಾಡಿದ ವಿಳಾಸಕ್ಕೆ ಅದು ಹೊಂದುತ್ತದೆಯೇ ನೋಡಿ. ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ನೋ’ ಅಂತಿದ್ದರೆ ಪಾಸ್‌ವರ್ಡ್ ತಪ್ಪಲ್ಲ, ಪಾಸ್‌ವರ್ಡೇ ಬಂದಿಲ್ಲ. ಸಾಫ್ಟ್‌ವೇರ್‌ನ ಸೆಟ್ಟಿಂಗ್ ಫೈಲಿನಲ್ಲಿ ಆ ಜಾಗ ಖಾಲಿ ಇದೆಯೇನೋ ನೋಡಿ. ‘ಯೆಸ್’ ಅಂತಿದ್ದರೆ ಬಂದಿದೆ, ಹೊಂದಿಲ್ಲ.

‘1044’ ಬಂದರೆ ನೀವು ಯಾರು ಅಂತ ಸರ್ವರ್ ಒಪ್ಪಿದೆ, ಆ ಡೇಟಾಬೇಸ್ ಮೇಲೆ ಹಕ್ಕಿಲ್ಲ. ‘1049’ ಅಂದರೆ ಆ ಹೆಸರಿನ ಡೇಟಾಬೇಸೇ ಇಲ್ಲ.

‘1129’ ಅಪರೂಪ. ಅರ್ಧಕ್ಕೆ ಬಿಟ್ಟ ಕನೆಕ್ಷನ್‌ಗಳು ಒಂದೇ ಕಂಪ್ಯೂಟರಿನಿಂದ ಸಾಲಾಗಿ 100 ದಾಟಿದರೆ ಸರ್ವರ್ ಆ ಕಂಪ್ಯೂಟರನ್ನು ತಡೆಹಿಡಿಯುತ್ತದೆ. ಪಾಸ್‌ವರ್ಡ್ ತಪ್ಪಾದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪೋರ್ಟ್ ತೆರೆದಿದೆಯೇ ಅಂತ ಪದೇಪದೇ ಮುಟ್ಟಿ ಓಡುವ ಮಾನಿಟರಿಂಗ್ ಸ್ಕ್ರಿಪ್ಟ್ ಇದನ್ನು ತರಿಸಬಹುದು. ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿರುವ ‘ಹೋಸ್ಟ್_ಕ್ಯಾಶ್’ ಟೇಬಲ್ ಅನ್ನು ಟ್ರಂಕೇಟ್ ಮಾಡಿದರೆ, ಅಂದರೆ ಖಾಲಿ ಮಾಡಿದರೆ, ತಡೆ ತೆರವಾಗುತ್ತದೆ.

‘1040, ಟೂ ಮೆನಿ ಕನೆಕ್ಷನ್ಸ್’ ಮಲ್ಪೆಯವರಿಗೆ ಆಗಸ್ಟ್‌ನಲ್ಲಿ ಸಿಗುವ ಎರರ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಐಸ್ ಪ್ಲಾಂಟಿನ ಬಿಲ್ಲಿಂಗ್ ಮಲಗಿರುತ್ತದೆ. ಬೋಟುಗಳು ಕಡಲಿಗಿಳಿದ ಕೂಡಲೇ ಎಲ್ಲರೂ ಒಟ್ಟಿಗೆ ಲಾಗಿನ್. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಏಕಕಾಲಕ್ಕೆ 151 ಕನೆಕ್ಷನ್ ಬಿಡುತ್ತದೆ. ಐದಾರು ಕಂಪ್ಯೂಟರ್ ಇರುವ ಕಡೆ ಅಷ್ಟು ತುಂಬಿದರೆ, ಸಾಫ್ಟ್‌ವೇರ್ ತೆರೆದ ಕನೆಕ್ಷನ್ ಮುಚ್ಚುತ್ತಿಲ್ಲ ಅಂತಲೇ ಅರ್ಥ. ಸುಮ್ಮನೆ ಬಿಟ್ಟ ಕನೆಕ್ಷನ್ ತಾನಾಗಿ ಮುಚ್ಚಲು 28800 ಸೆಕೆಂಡ್, ಅಂದರೆ 8 ಗಂಟೆ ಬೇಕು. ಮಿತಿ ಏರಿಸುವುದು ತಾತ್ಕಾಲಿಕ. ಸಾಫ್ಟ್‌ವೇರ್ ಮಾಡಿದವರನ್ನು ಹಿಡಿದು ಸರಿ ಮಾಡಿಸಿ.

ಹಂತ 6: ಮಲ್ಪೆಯಿಂದ ಬರುವುದು

ರೂಟರ್‌ನಲ್ಲಿ 3306 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದುಬಿಟ್ಟರೆ ಮಲ್ಪೆಯಿಂದ ಕನೆಕ್ಟ್ ಆಗುತ್ತದೆ. ಊರೆಲ್ಲ ಕನೆಕ್ಟ್ ಆಗಲು ಪ್ರಯತ್ನಿಸುತ್ತದೆ. ಹಾಗೆ ಮಾಡಬೇಡಿ.

ಎರಡು ಒಳ್ಳೆಯ ದಾರಿ ಇವೆ. ಒಂದು ವಿಪಿಎನ್, ಅಂದರೆ ಇಂಟರ್‌ನೆಟ್ ಮೇಲೆಯೇ ನಮ್ಮವರಿಗೆ ಮಾತ್ರ ಇರುವ ಖಾಸಗಿ ದಾರಿ. ವೈರ್‌ಗಾರ್ಡ್, ಟೇಲ್‌ಸ್ಕೇಲ್ ತರಹದ್ದು. ಫೈಬರ್ ಕನೆಕ್ಷನ್‌ನಲ್ಲಿ ನಿಮಗೇ ಅಂತ ಪಬ್ಲಿಕ್ ಐಪಿ ಇಲ್ಲದಿದ್ದರೂ ಟೇಲ್‌ಸ್ಕೇಲ್ ಕೆಲಸ ಮಾಡುತ್ತದೆ, ಅದಕ್ಕೇ ಸಣ್ಣ ಆಫೀಸಿಗೆ ನಾನು ಅದನ್ನೇ ಹೇಳುವುದು. ಆಗ ಮಲ್ಪೆಯ ಕಂಪ್ಯೂಟರ್ 100ರಿಂದ ಶುರುವಾಗುವ ಬೇರೆ ಐಪಿಯಿಂದ ಬರುತ್ತದೆ. ಅದಕ್ಕೆ ಅಕೌಂಟೂ ಫೈರ್‌ವಾಲ್ ರೂಲೂ ಬೇರೆ ಬೇಕು. ಬೈಂಡ್-ಅಡ್ರೆಸ್ 192.168.1.10 ಅಂತ ಕಟ್ಟಿಹಾಕಿದ್ದರೆ ಆ ಕಡೆಯಿಂದ ಬಂದದ್ದು ಕೇಳಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಇನ್ನೊಂದು ಎಸ್‌ಎಸ್‌ಎಚ್ ಟನೆಲ್, ಅಂದರೆ ಸರ್ವರ್‌ವರೆಗೆ ಗೂಢಲಿಪಿಯ ಸುರಂಗ:

ಎಸ್‌ಎಸ್‌ಎಚ್ -ಎಲ್ 3307:127.0.0.1:3306 ಯೂಸರ್@ಸರ್ವರ್

ಇಲ್ಲಿ -ಎಲ್ ದೊಡ್ಡಕ್ಷರ. ಈ ಕಿಟಕಿ ತೆರೆದಿಟ್ಟು, ಮಲ್ಪೆಯ ಕಂಪ್ಯೂಟರಿನಲ್ಲಿ ವಿಳಾಸ 127.0.0.1, ಪೋರ್ಟ್ 3307 ಅಂತ ಕೊಟ್ಟರೆ ಮಂಗಳೂರಿನ ಸರ್ವರ್ ಸಿಗುತ್ತದೆ. ಬೈಂಡ್-ಅಡ್ರೆಸ್ 192.168.1.10 ಮಾತ್ರ ಇದ್ದರೆ ಇದೂ ಕೇಳಿಸುವುದಿಲ್ಲ. ಟನೆಲ್‌ನಿಂದ ಬಂದವರು ಸರ್ವರ್‌ನ ಕಣ್ಣಿಗೆ ತನ್ನದೇ ಮೆಷಿನ್‌ನಿಂದ ಬಂದ ಹಾಗೆ ಕಾಣುತ್ತಾರೆ. ಹಾಗಾಗಿ 'ಮಲ್ಪೆ'@'ಲೋಕಲ್‌ಹೋಸ್ಟ್' ಅಂತ ಅಕೌಂಟ್ ಬೇಕು. 192.168.1.% ಅಂತ ಮಾಡಿಟ್ಟರೆ 1045 ಬರುತ್ತದೆ.

ಕನೆಕ್ಟ್ ಆದ ಮೇಲೆ ಮೈಎಸ್‌ಕ್ಯೂಎಲ್ ಪ್ರಾಂಪ್ಟ್‌ನಲ್ಲಿ ‘ಸ್ಟೇಟಸ್’ ಅಂತ ಹೊಡೆಯಿರಿ. ಎಸ್‌ಎಸ್‌ಎಲ್ ಅನ್ನುವ ಸಾಲಿನ ಎದುರು ಸೈಫರ್ (ಗೂಢಲಿಪಿಯ ವಿಧಾನ) ಹೆಸರು ಇರಬೇಕು. ‘ನಾಟ್ ಇನ್ ಯೂಸ್’ ಅಂತಿದ್ದು ನೀವು ಟನೆಲ್ ಅಥವಾ ವಿಪಿಎನ್ ಒಳಗೂ ಇಲ್ಲದಿದ್ದರೆ ಡೇಟಾ ಬಯಲಲ್ಲಿ ಹೋಗುತ್ತಿದೆ. ಆ ಅಕೌಂಟ್‌ಗೆ ‘ರಿಕ್ವೈರ್ ಎಸ್‌ಎಸ್‌ಎಲ್’ ಹಾಕಿಬಿಡಿ.

ಹಂತ 7: ಕನ್ನಡ ಹೆಸರು ಸರಿಯಾಗಿ ಹೋಗುತ್ತಿದೆಯೇ?

ಕನೆಕ್ಷನ್‌ಗೆ ತನ್ನದೇ ಅಕ್ಷರ ಸೆಟ್ಟಿಂಗ್ ಇರುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಗ್ರಾಹಕರ ಹೆಸರನ್ನು ಕನ್ನಡದಲ್ಲಿ ಹೊಡೆದು ಸೇವ್ ಮಾಡಿ, ಮತ್ತೆ ತೆರೆದು ನೋಡಿ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಹೆಸರು ಹೋಯಿತು, ವಾಪಸ್ ತರಲು ಆಗುವುದಿಲ್ಲ. ಅರ್ಥವಿಲ್ಲದ ವಿಚಿತ್ರ ಅಕ್ಷರ ಕಂಡರೆ ಡೇಟಾ ಇನ್ನೂ ಉಳಿದಿರುವ ಸಾಧ್ಯತೆ ಇದೆ. ಡೇಟಾಬೇಸ್, ಟೇಬಲ್, ಕನೆಕ್ಷನ್ ಮೂರೂ ‘ಯುಟಿಎಫ್8ಎಂಬಿ4’ (ಕನ್ನಡವೂ ಹಿಡಿಸುವ ಅಕ್ಷರ ಸೆಟ್ಟಿಂಗ್) ಇರಬೇಕು. 8.0ಕ್ಕಿಂತ ಮೊದಲಿನ ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೆ ‘ಲ್ಯಾಟಿನ್1’ ಆಗಿರುತ್ತಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅಲ್ಲಿಂದ ತಂದ ಟೇಬಲ್‌ಗಳನ್ನು ಒಂದೊಂದಾಗಿ ನೋಡಿ.

ಹಂತ 8: ಕೆಲಸ ಬಿಟ್ಟು ಹೋದವರ ಲಾಗಿನ್

ಹುಡುಗರು ಬರುತ್ತಾರೆ, ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ. ಅವರ ಲಾಗಿನ್ ಮಾತ್ರ ಉಳಿದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಮಾಡಿದ್ದರೆ ತೆಗೆಯುವುದು ಸುಲಭ. ಕೂಡಲೇ ಅಳಿಸಲು ಮನಸ್ಸಿಲ್ಲದಿದ್ದರೆ ‘ಆಲ್ಟರ್ ಯೂಸರ್’ ಬರೆದು ಕೊನೆಗೆ ‘ಅಕೌಂಟ್ ಲಾಕ್’ ಸೇರಿಸಿ. ಪೂರ್ತಿ ತೆಗೆಯಲು ‘ಡ್ರಾಪ್ ಯೂಸರ್’. ಎರಡರಲ್ಲೂ ವಿಳಾಸದ ಭಾಗ ಬರೆಯಲು ಮರೆಯಬೇಡಿ. ಅದೇ ಹೆಸರಿನ ಇನ್ನೊಂದು ಅಕೌಂಟ್ ಲೋಕಲ್‌ಹೋಸ್ಟ್‌ನಲ್ಲಿ ಕೂತಿರಬಹುದು.

ಇನ್ನೊಂದು ಸಂಗತಿ. ಯೂಸರ್ ಅಳಿಸಿದರೂ, ಆಗಲೇ ತೆರೆದಿರುವ ಅವರ ಕನೆಕ್ಷನ್ ಕಡಿದುಹೋಗುವುದಿಲ್ಲ. ‘ಶೋ ಪ್ರೊಸೆಸ್‌ಲಿಸ್ಟ್;’ ಕೊಟ್ಟು ನೋಡಿ. ಆ ಹೆಸರು ಪಟ್ಟಿಯಲ್ಲಿ ಕಂಡರೆ ಎಡಗಡೆಯ ಐಡಿ ನಂಬರ್ ತೆಗೆದುಕೊಂಡು ‘ಕಿಲ್’ ಕೊಡಿ, ಮತ್ತೊಮ್ಮೆ ಪಟ್ಟಿ ತೆಗೆದು ಹೋಯಿತಾ ಅಂತ ಖಾತ್ರಿ ಮಾಡಿಕೊಳ್ಳಿ.